ಸೈಟ್ ತೆರೆಯುತ್ತಿಲ್ಲ: ಕೆಟ್ಟಿದೆಯೋ, ಕಟ್ಟಿದ್ದಾರೋ?

ದಾವಣಗೆರೆಯಲ್ಲಿ "ಸರ್ವರ್ ಇಲ್ಲ" ಅಂದರೆ ಮಾತು ಮುಗಿದ ಹಾಗೆ. ಪಹಣಿ ತೆಗೆಸಲು ಬಂದ ರೈತರಿಗೂ ಇದೇ ಉತ್ತರ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತ ಅಜ್ಜಿಗೂ ಇದೇ ಉತ್ತರ. ಪಿ.ಜೆ. ಬಡಾವಣೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ ಇಟ್ಟುಕೊಂಡಿರುವ ನಾನೂ ದಿನಕ್ಕೆ ನಾಲ್ಕು ಸಲ ಹೀಗೆ ಹೇಳಿ ಕೈತೊಳೆದುಕೊಂಡವನೇ. ಕೇಳಿದವರು "ಹೌದಾ, ನಾಳೆ ಬರ್ತೀನಿ ಬಿಡಣ್ಣ" ಎಂದು ಹೋಗುತ್ತಾರೆ.

ಕೆಲವು ವರ್ಷಗಳಿಂದ ಇನ್ನೊಂದು ಉತ್ತರ ಸೇರಿಕೊಂಡಿದೆ: "ಬ್ಯಾನ್ ಮಾಡಿದಾರೆ." ಸೈಟ್ ಸುತ್ತುತ್ತಾ ಕೂತರೆ ಬ್ಯಾನ್. ಆ್ಯಪ್ ತೆರೆಯದಿದ್ದರೆ ಬ್ಯಾನ್. ಫೋನ್ ನೆನೆದು ಹಾಳಾಗಿದ್ದರೂ ಒಬ್ಬರು ಹಾಗೇ ಹೇಳಿದ್ದರು. ನಗಬಹುದು, ಆದರೆ ಕೆಲವು ಸಲ ಅದು ನಿಜವೇ ಆಗಿರುತ್ತದೆ. ನಮ್ಮಲ್ಲಿ ತಡೆ ಹಾಕಿದ ಸೈಟ್ ನೋಡಲು ಥೇಟ್ ಕೆಟ್ಟ ಸೈಟಿನ ಹಾಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಲು ಒಂದು ಕ್ರಮ ಬೇಕು. ಅಂಗಡಿಯಲ್ಲಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಕಲಿತದ್ದು ಒಂದು ತಪ್ಪಿನಿಂದ, ಅದರಿಂದಲೇ ಶುರು ಮಾಡುತ್ತೇನೆ.

ಮೇಷ್ಟ್ರ ಪುಸ್ತಕದ ಸೈಟ್

2024ರ ಅಕ್ಟೋಬರ್. ವಿದ್ಯಾನಗರದಲ್ಲಿರುವ ಒಬ್ಬ ರಿಟೈರ್ಡ್ ಮೇಷ್ಟ್ರು ನಮ್ಮ ಖಾಯಂ ಗಿರಾಕಿ. ಇಂಟರ್ನೆಟ್ ಆರ್ಕೈವ್ ಎಂಬ ಸೈಟಿನಲ್ಲಿ ಸ್ಕ್ಯಾನ್ ಮಾಡಿ ಹಾಕಿರುವ ಹಳೇ ಕನ್ನಡ ಪುಸ್ತಕಗಳು ರಾಶಿ ರಾಶಿ ಸಿಗುತ್ತವೆ, ಪುಕ್ಕಟೆ. ಅವನ್ನು ಇಳಿಸಿಕೊಂಡು, ನನ್ನಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಓದುವುದು ಅವರ ಚಟ. ಅವತ್ತು ಬಂದವರೇ ಫೋನನ್ನು ಕೌಂಟರ್ ಮೇಲಿಟ್ಟು, "ನೋಡಪ್ಪ, ಮತ್ತೆ ಬ್ಯಾನ್ ಮಾಡಿದ್ರು" ಅಂದರು.

ಆ "ಮತ್ತೆ"ಗೆ ಕಾರಣ ಇತ್ತು. 2014ರ ಡಿಸೆಂಬರ್‌ನಲ್ಲಿ ಭಯೋತ್ಪಾದಕರ ಪ್ರಚಾರದ ಬರಹ ಇವೆ ಎಂದು ಕೇಂದ್ರ ಸರ್ಕಾರ 32 ಸೈಟುಗಳನ್ನು ತಡೆದಿತ್ತು. ಅದರಲ್ಲಿ ವಿಮಿಯೋ, ಗಿಟ್‌ಹಬ್ ಜೊತೆ ಈ ಆರ್ಕೈವ್ ಕೂಡ ಇತ್ತು. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳ ಕಳ್ಳ ಪ್ರತಿ ತಡೆಯಬೇಕೆಂದು ಮದ್ರಾಸ್ ಹೈಕೋರ್ಟಿನಿಂದ ಆದೇಶ ಬಂತು. ಅದರ ಪಟ್ಟಿಯಲ್ಲಿ 2,600ಕ್ಕೂ ಜಾಸ್ತಿ ಸೈಟುಗಳಿದ್ದವು, ಆರ್ಕೈವ್ ಅದರಲ್ಲೂ ಸಿಕ್ಕಿಕೊಂಡಿತ್ತು. ಎರಡು ಸಲವೂ ಆಮೇಲೆ ತಡೆ ತೆಗೆದರು. ಮೇಷ್ಟ್ರಿಗೆ ಎರಡೂ ನೆನಪಿದ್ದವು.

ನಾನು ಹೂಂ ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಡಿಎನ್‌ಎಸ್ (ಸೈಟಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿದೆ, ಆಗಲಿಲ್ಲ. ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಸುತ್ತಿಸಿ ತರುವ ಪುಕ್ಕಟೆ ವಿಪಿಎನ್ ಒಂದನ್ನು ಹಾಕಿದೆ, ಆಗಲಿಲ್ಲ. ಅದನ್ನು ತೆಗೆದು ಇನ್ನೊಂದು ಹಾಕಿದೆ. ಮೇಷ್ಟ್ರ ಫೋನಿನಲ್ಲಿ ಜಾಹೀರಾತುಗಳ ಜಾತ್ರೆ ಶುರುವಾಯಿತು. ಅರ್ಧ ಗಂಟೆ ಕಳೆದ ಮೇಲೆ ದುಬೈನಲ್ಲಿರುವ ಭಾಮೈದನಿಗೆ ವಾಟ್ಸಾಪ್ ಮಾಡಿ ಕೇಳಿದರೆ, "ಭಾವ, ಇಲ್ಲೂ ತೆರೀತಿಲ್ಲ" ಅಂದ. ಯಾರೋ ಹ್ಯಾಕರ್‌ಗಳು ಆ ಸೈಟಿಗೇ ನುಗ್ಗಿದ್ದರು. 3.1 ಕೋಟಿ ಖಾತೆಗಳ ವಿವರ ಹೊರಗೆ ಹೋಗಿತ್ತು. ಜೊತೆಗೆ ಸುಳ್ಳು ಟ್ರಾಫಿಕ್ ನುಗ್ಗಿಸಿ ಸೈಟನ್ನು ಬೀಳಿಸಿದ್ದರು. ಅವರೇ ಬಾಗಿಲು ಹಾಕಿಕೊಂಡು ಕೆಲವು ದಿನ ರಿಪೇರಿ ಮಾಡಿದರು. ಇದರಲ್ಲಿ ದೆಹಲಿಯ ಕೈವಾಡ ಏನೂ ಇರಲಿಲ್ಲ.

ನಿಜವಾಗಿ ಮಾಡಬೇಕಿದ್ದ ಕೆಲಸವನ್ನು ನಾನು ಮಾಡಲೇ ಇಲ್ಲ. ಮೇಷ್ಟ್ರಿಗೆ ಆ ಸೈಟಿನಲ್ಲಿ ಖಾತೆ ಇತ್ತು. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಮೊದಲು ಅದನ್ನು ಬದಲಿಸಬೇಕಿತ್ತು. ರೋಗ ತಪ್ಪು ತಿಳಿದರೆ ಔಷಧಿಯೂ ತಪ್ಪುತ್ತದೆ ಅಲ್ವಾ, ಹಾಗಾಯಿತು.

ಬೈಕ್, ರಸ್ತೆ, ಗೇಟ್, ಹೋಟೆಲ್

ಆಮೇಲೆ ನಾನೊಂದು ಲೆಕ್ಕ ಇಟ್ಟುಕೊಂಡೆ. ಬೆಣ್ಣೆದೋಸೆ ತಿನ್ನಲು ಹೊರಟಿದ್ದೀರಿ ಅಂತಿಟ್ಟುಕೊಳ್ಳಿ, ದೋಸೆ ಸಿಗಲಿಲ್ಲ. ಯಾಕೆ? ಬೈಕ್ ಕೆಟ್ಟಿರಬೇಕು. ಇಲ್ಲವೇ ರಸ್ತೆ ಅಗೆದಿರಬೇಕು. ಇಲ್ಲವೇ ಗೇಟ್ ಹಾಕಿರಬೇಕು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್‌ನಲ್ಲಿ ಬಿಸಿಲಿಗೆ ನಿಂತ ಹಳೇ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವು ಯಾವುದೂ ಅಲ್ಲದಿದ್ದರೆ ಹೋಟೆಲ್ಲೇ ಮುಚ್ಚಿರಬೇಕು.

ಸೈಟಿಗೂ ಈ ನಾಲ್ಕೇ. ಬೈಕ್ ಅಂದರೆ ನಿಮ್ಮ ಫೋನು, ಕಂಪ್ಯೂಟರು. ರಸ್ತೆ ಅಂದರೆ ನೆಟ್ ಕಂಪನಿ. ಗೇಟ್ ಅಂದರೆ ಬೇಕೆಂದೇ ಹಾಕಿದ ತಡೆ. ಹೋಟೆಲ್ ಅಂದರೆ ಆ ಸೈಟಿನ ಸರ್ವರ್. ಅಕ್ಟೋಬರ್‌ನಲ್ಲಿ ಹೋಟೆಲ್ ಮುಚ್ಚಿತ್ತು, ನಾನು ಗೇಟ್ ಹಾರಲು ಹೋಗಿದ್ದೆ.

ಮೊದಲು ಪರದೆ ಓದಿ

ಯಾರೂ ಓದುವುದಿಲ್ಲ. "ಏನೋ ಇಂಗ್ಲಿಷಲ್ಲಿ ಬಂತು, ತೆಗೆದುಬಿಟ್ಟೆ" ಅನ್ನುತ್ತಾರೆ. ಆ ಸಾಲೇ ಅರ್ಧ ಉತ್ತರ. ಸ್ಕ್ರೀನ್‌ಶಾಟ್ ತೆಗೆದಿಡಿ.

ಪರದೆ ಮೇಲೆ 404 ಬಂದರೆ ಹೋಟೆಲ್ ತೆರೆದಿದೆ, ನೀವು ಕೇಳಿದ ತಿಂಡಿ ಇಲ್ಲ. ಆ ಪುಟ ತೆಗೆದಿದ್ದಾರೆ ಅಥವಾ ನೀವು ಲಿಂಕ್ ತಪ್ಪಾಗಿ ಹೊಡೆದಿದ್ದೀರಿ. 500, 502, 503 ಬಂದರೆ ಒಳಗೆ ಅಡುಗೆಮನೆಯಲ್ಲೇ ಗಲಾಟೆ. ಇದಕ್ಕೆ ನಿಮ್ಮ ಕಡೆಯಿಂದ ಮಾಡುವುದು ಏನೂ ಇಲ್ಲ. ರಿಸಲ್ಟ್ ದಿನ ಬೆಳಗ್ಗೆ ಹುಡುಗರು ರಿಫ್ರೆಶ್ ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳುತ್ತಾರೆ. ಎಲ್ಲರೂ ಒತ್ತುವುದರಿಂದಲೇ ಅದು ಇನ್ನೂ ಏಳುವುದಿಲ್ಲ. ಒಂದು ಟೀ ಕುಡಿದು ಬನ್ನಿ.

403 ಅಂದರೆ ಬಾಗಿಲಲ್ಲಿ ನಿಂತವನು ಒಳಗೆ ಬಿಡುತ್ತಿಲ್ಲ. ಕೆಲವು ಸೈಟುಗಳು ಹೊರದೇಶದವರನ್ನು ಹೀಗೆ ತಡೆಯುತ್ತವೆ. ವಿಪಿಎನ್ ಹಾಕಿಕೊಂಡು ಸರ್ಕಾರಿ ಸೈಟಿಗೆ ಹೋದರೆ ನಮಗೂ ಇದು ಬರಬಹುದು, ಯಾಕೆಂದರೆ ಅದರ ಕಣ್ಣಿಗೆ ನೀವು ಸಿಂಗಾಪುರದಲ್ಲಿ ಕೂತಿದ್ದೀರಿ. ವಿಪಿಎನ್ ಆಫ್ ಮಾಡಿದರೆ ಸರಿಹೋಗುತ್ತದೆ.

451 ಎಂಬ ಒಂದು ಸಂಖ್ಯೆಯೂ ಇದೆ. "ಕಾನೂನಿನ ಕಾರಣಕ್ಕೆ ಕೊಡಲಾಗುವುದಿಲ್ಲ" ಎಂದು ಅದರ ಅರ್ಥ. 2016ರಿಂದ ಅದು ಅಧಿಕೃತ. ಎಲ್ಲ ತಡೆಗಳೂ ಹೀಗೆ ಮರ್ಯಾದೆಯಿಂದ ಹೇಳಿಕೊಂಡು ಬಂದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಬೈಕ್ ಕೆಟ್ಟಿದ್ದರೆ

ಇದು ಬೇಗ ಮುಗಿಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಹತ್ತು ಎಣಿಸಿ, ತೆಗೆಯಿರಿ. ದಿನದ ಡಾಟಾ ಮುಗಿದಿದೆಯಾ ನೋಡಿ. ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲದೆ ತೆವಳುವ ಪ್ಲಾನ್‌ಗಳಿವೆ. ಆಗ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಸೈಟ್ ಮಾತ್ರ ಸುತ್ತುತ್ತದೆ. ಜನ ಇದನ್ನೂ ಬ್ಯಾನ್ ಅನ್ನುತ್ತಾರೆ.

ಇನ್ನೊಂದು, ತಾರೀಖು. ನನ್ನ ಅಂಗಡಿಯ ಹಳೇ ಡೆಸ್ಕ್‌ಟಾಪಿನಲ್ಲಿ ಒಂದು ಸೋಮವಾರ ಬೆಳಗ್ಗೆ ಯಾವ ಸೈಟೂ ತೆರೆಯಲಿಲ್ಲ. ಎಲ್ಲದರಲ್ಲೂ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂದು ಕೆಂಪು ಎಚ್ಚರಿಕೆ. ಮೂಲೆಯಲ್ಲಿ ನೋಡಿದರೆ ತಾರೀಖು ಜನವರಿ 1, 2012. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಅದು ಸತ್ತಿತ್ತು. ಕರೆಂಟ್ ಹೋದ ಕೂಡಲೇ ಗಡಿಯಾರ ಹಿಂದಕ್ಕೆ ಓಡಿತ್ತು. ಸೈಟುಗಳ ಗುರುತಿನ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಕಂಪ್ಯೂಟರಿಗೆ ಇನ್ನೂ 2012 ನಡೆಯುತ್ತಿದ್ದರೆ ಯಾವ ಪತ್ರವೂ ಅದಕ್ಕೆ ಒಪ್ಪಿಗೆಯಾಗುವುದಿಲ್ಲ. ಸೆಲ್ ಬದಲಿಸಿದೆ, ತಾರೀಖು ಹಾಕಿದೆ, ಎಲ್ಲ ತೆರೆದವು.

ಅದೇ ಕೆಂಪು ಎಚ್ಚರಿಕೆ ತಾರೀಖು ಸರಿ ಇದ್ದಾಗ ಬಂದರೆ ಮಾತ್ರ ನಿಂತು ಯೋಚಿಸಿ. ಅದರಲ್ಲೂ ಬ್ಯಾಂಕ್ ಸೈಟಿನಲ್ಲಿ, ಲಾಡ್ಜಿನದೋ ಬಸ್ ಸ್ಟ್ಯಾಂಡಿನದೋ ವೈಫೈ ಹಾಕಿಕೊಂಡಾಗ ಬಂದರೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಆದರೂ ಮುಂದುವರಿ" ಎಂದು ಇರುತ್ತದೆ. ಒತ್ತಬೇಡಿ. ಮಧ್ಯದಲ್ಲಿ ಬೇರೆ ಯಾರೋ ಬ್ಯಾಂಕಿನ ವೇಷ ಹಾಕಿ ಕೂತಿದ್ದರೂ ಬರುವುದು ಇದೇ ಎಚ್ಚರಿಕೆ.

ಎರಡು ಫೋನ್, ಎರಡು ನೆಟ್

ಇದು ಮುಖ್ಯ ಪರೀಕ್ಷೆ. ಖರ್ಚಿಲ್ಲ, ಐದು ನಿಮಿಷ ಸಾಕು. ನಾನು ಈಗ ಬೇರೇನೂ ಮುಟ್ಟುವ ಮೊದಲು ಇದನ್ನೇ ಮಾಡುತ್ತೇನೆ.

ಗಿರಾಕಿಯ ಫೋನು ಒಂದು ಕೈಯಲ್ಲಿ, ನನ್ನದು ಇನ್ನೊಂದು ಕೈಯಲ್ಲಿ. ಎರಡು ಸಿಮ್‌ಗಳೂ ಬೇರೆ ಬೇರೆ ಕಂಪನಿಯವು ಆಗಿರಬೇಕು. ಒಂದೇ ಕಂಪನಿಯವಾದರೆ ಒಂದೇ ರಸ್ತೆಯಲ್ಲಿ ಎರಡು ಬೈಕ್ ಓಡಿಸಿದ ಹಾಗೆ, ಏನೂ ಗೊತ್ತಾಗುವುದಿಲ್ಲ. ಮೊದಲು ಇಬ್ಬರ ಫೋನಿನಲ್ಲೂ ಅವರವರ ಡಾಟಾದಲ್ಲಿ ಅದೇ ಸೈಟ್ ತೆರೆಯುತ್ತೇನೆ. ಆಮೇಲೆ ನನ್ನ ಹಾಟ್‌ಸ್ಪಾಟ್ ಹಾಕಿ, ಗಿರಾಕಿಯ ಫೋನನ್ನು ಅದಕ್ಕೆ ಸೇರಿಸಿ ಮತ್ತೆ ತೆರೆಯುತ್ತೇನೆ. ಅಷ್ಟೇ.

ನನ್ನದರಲ್ಲಿ ತೆರೆಯಿತು, ಅವರ ಫೋನಿನಲ್ಲಿ ನನ್ನ ಹಾಟ್‌ಸ್ಪಾಟ್ ಹಾಕಿದರೂ ತೆರೆಯಲಿಲ್ಲ: ಬೈಕ್ ಕೆಟ್ಟಿದೆ. ಬ್ರೌಸರಿನ ಕ್ಯಾಶ್ ಅಳಿಸಿ, ಬೇರೆ ಬ್ರೌಸರ್ ಹಾಕಿ, ಫೋನ್ ತೀರಾ ಹಳೆಯದಾ ನೋಡಿ.

ಅವರ ಫೋನಿನಲ್ಲಿ ಅವರ ನೆಟ್‌ಗೆ ಬರಲಿಲ್ಲ, ನನ್ನ ಹಾಟ್‌ಸ್ಪಾಟ್‌ಗೆ ಬಂತು: ಅವರ ಫೋನೂ ಚೆನ್ನಾಗಿದೆ, ಸೈಟೂ ಚೆನ್ನಾಗಿದೆ. ಮಧ್ಯದಲ್ಲಿ ರಸ್ತೆ ಅಥವಾ ಗೇಟ್. ಅವರ ನೆಟ್‌ನಲ್ಲಿ ಬೇರೆ ಸೈಟುಗಳೂ ಕುಂಟುತ್ತಿದ್ದರೆ ರಸ್ತೆ. ಬೇರೆಲ್ಲ ಓಡುತ್ತಿದ್ದು ಇದೊಂದೇ ನಿಂತಿದ್ದರೆ ಗೇಟ್ ಇರಬಹುದು ಎಂಬ ಅನುಮಾನ ಶುರು.

ಎಲ್ಲೂ ಬರಲಿಲ್ಲ: ಹೋಟೆಲ್ ಮುಚ್ಚಿದೆ, ಇಲ್ಲವೇ ಎಲ್ಲ ಕಂಪನಿಗಳೂ ಗೇಟ್ ಹಾಕಿವೆ. ಇದನ್ನು ಬಿಡಿಸಲು ಹೊರದೇಶದಲ್ಲಿರುವ ಒಬ್ಬರನ್ನು ಕೇಳಬೇಕು. ನನ್ನ ಭಾಮೈದನ ಹಾಗೆ. ಊರಿಗೊಬ್ಬ ದುಬೈ ಹುಡುಗ ಇದ್ದೇ ಇರುತ್ತಾನೆ.

ದೊಡ್ಡ ದೊಡ್ಡ ಹೋಟೆಲ್‌ಗಳೂ ಬೀಳುತ್ತವೆ. 2021ರ ಅಕ್ಟೋಬರ್ 4ರ ರಾತ್ರಿ 9 ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಅವರದೇ ಎಂಜಿನಿಯರುಗಳು ರಿಪೇರಿ ಮಾಡುವಾಗ ಕೊಟ್ಟ ಒಂದು ಕಮಾಂಡ್‌ನಿಂದ ಇಡೀ ಕಂಪನಿಯ ವಿಳಾಸವೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು. ಆರು ಗಂಟೆ ಹಾಗೇ ಇತ್ತು. ಮಾರನೇ ದಿನ ನನ್ನ ಅಂಗಡಿಗೆ ಮೂವರು "ಫೋನ್ ರೀಸೆಟ್ ಮಾಡಿದ್ವಿ, ಫೋಟೋ ಎಲ್ಲಾ ಹೋಯ್ತು" ಎಂದು ಬಂದರು. 2025ರ ನವೆಂಬರ್ 18ರ ಸಂಜೆ ಕ್ಲೌಡ್‌ಫ್ಲೇರ್ ಎಂಬ ಕಂಪನಿ ಬಿತ್ತು. ಲಕ್ಷಾಂತರ ಸೈಟುಗಳು ಅದರ ಹಿಂದೆ ನಿಂತಿವೆ, ಬಹಳಷ್ಟರಲ್ಲಿ 500. ಯಾವ ಸೈಟ್ ಬಿದ್ದಿದೆ ಎಂದು ಹೇಳುವ ಸೈಟೂ ಅವತ್ತು ಬಿದ್ದಿತ್ತು. ಸುಮ್ನೆ ಕಾಯುವುದೂ ಒಂದು ರಿಪೇರಿ ಎಂದು ನಾನು ಗಿರಾಕಿಗಳಿಗೆ ಹೇಳಿದರೆ, ಕೆಲಸ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಗೇಟ್ ಹಾಕುವ ಬಗೆಗಳು

ನೀವು ಸೈಟಿನ ಹೆಸರು ಹೊಡೆದಾಗ ಫೋನು ಮೊದಲು ಡಿಎನ್‌ಎಸ್ ಎಂಬ ವಿಳಾಸದ ಪುಸ್ತಕ ನೋಡುತ್ತದೆ. ಈ ಹೆಸರಿನವರು ಯಾವ ನಂಬರಿನಲ್ಲಿದ್ದಾರೆ ಎಂದು ಅದು ಹೇಳುತ್ತದೆ. ಆ ಪುಸ್ತಕವನ್ನು ಸಾಮಾನ್ಯವಾಗಿ ನಿಮ್ಮ ನೆಟ್ ಕಂಪನಿಯೇ ಇಟ್ಟುಕೊಂಡಿರುತ್ತದೆ. ತಡೆ ಹಾಕಲು ಅಗ್ಗದ ದಾರಿ ಎಂದರೆ ಪುಸ್ತಕದಲ್ಲಿ ಆ ಹೆಸರಿನ ಮುಂದೆ ತಪ್ಪು ವಿಳಾಸ ಬರೆಯುವುದು, ಅಥವಾ ಅಂಥವರು ಯಾರೂ ಇಲ್ಲ ಅನ್ನುವುದು.

ಪತ್ತೆ ಹಚ್ಚಲು ಬೇರೆ ಪುಸ್ತಕ ಕೇಳಿ ನೋಡಿ. ಗೂಗಲ್‌ನದು 8.8.8.8, ಕ್ಲೌಡ್‌ಫ್ಲೇರ್‌ದು 1.1.1.1. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ಭಾಗದಲ್ಲಿ "ಪ್ರೈವೇಟ್ ಡಿಎನ್‌ಎಸ್" ಎಂದು ಇರುತ್ತದೆ. ಅಲ್ಲಿ ನಂಬರ್ ನಡೆಯುವುದಿಲ್ಲ, ಹೆಸರು ಹಾಕಬೇಕು: ಡಿಎನ್‌ಎಸ್ ಡಾಟ್ ಗೂಗಲ್ (dns.google). ಬದಲಿಸಿದ ಕೂಡಲೇ ಸೈಟ್ ತೆರೆದರೆ ನಿಮ್ಮ ಕಂಪನಿಯ ಪುಸ್ತಕದಲ್ಲೇ ತೊಂದರೆ ಇತ್ತು. ಅದು ಹರಿದ ಹಾಳೆಯೋ, ಬೇಕೆಂದೇ ಹರಿದದ್ದೋ ಎಂಬುದು ಇಷ್ಟರಿಂದಲೇ ಗೊತ್ತಾಗುವುದಿಲ್ಲ. ಮೂರು ದಿನ ಬಿಟ್ಟು ಹಳೇ ಪುಸ್ತಕಕ್ಕೆ ಮರಳಿ ನೋಡಿ. ಕೆಟ್ಟಿದ್ದರೆ ಅಷ್ಟರಲ್ಲಿ ಸರಿಯಾಗಿರುತ್ತದೆ. ಕಟ್ಟಿದ್ದರೆ ಹಾಗೇ ಇರುತ್ತದೆ.

ಪುಸ್ತಕ ಬದಲಿಸಿದರೂ ಬರಲಿಲ್ಲವೇ? ಎರಡನೇ ಬಗೆ. ಈಗಿನ ಸೈಟುಗಳೆಲ್ಲ ಗೂಢಲಿಪಿಯಲ್ಲಿ ಮಾತಾಡುತ್ತವೆ. ಅಂಚೆಯವನಿಗೆ ಲಕೋಟೆ ಒಳಗಿನ ಕಾಗದ ಓದಲಾಗುವುದಿಲ್ಲ, ಆದರೆ ಮೇಲೆ ಬರೆದ ಹೆಸರು ಕಾಣುತ್ತದೆ. ಸಂಪರ್ಕ ಶುರುವಾಗುವಾಗ ಸೈಟಿನ ಹೆಸರು ಸಾಮಾನ್ಯವಾಗಿ ಹೀಗೆ ತೆರೆದೇ ಹೋಗುತ್ತದೆ. ಕೆಲವು ಕಂಪನಿಗಳು ಆ ಹೆಸರು ನೋಡಿ ತಂತಿ ಕತ್ತರಿಸುತ್ತವೆ. ಪರದೆ ಮೇಲೆ ಬರುವುದು "ಕನೆಕ್ಷನ್ ರೀಸೆಟ್". ಇದನ್ನು ಗುರುತಿಸಲು ಗಡಿಯಾರ ನೋಡಿ. ಸರ್ವರ್ ನಿಜಕ್ಕೂ ಸತ್ತಿದ್ದರೆ ಬ್ರೌಸರ್ ಸಾಮಾನ್ಯವಾಗಿ ಬಹಳ ಹೊತ್ತು ಸುತ್ತಿ, ಸುಸ್ತಾಗಿ, "ಟೈಮ್ಡ್ ಔಟ್" ಅನ್ನುತ್ತದೆ. ಕತ್ತರಿಸಿದ್ದರೆ ಎಂಟರ್ ಒತ್ತಿದ ಮರುಕ್ಷಣವೇ ಎರರ್. ಹತ್ತು ಸಲ ಒತ್ತಿದರೆ ಹತ್ತು ಸಲವೂ ಅಷ್ಟೇ ಬೇಗ. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ಕೆಡುವುದಿಲ್ಲ.

ಮೊದಲು ಗೂಢಲಿಪಿ ಇಲ್ಲದ ಕಾಲದಲ್ಲಿ ಒಂದು ಬಿಳಿ ಪುಟ ಬರುತ್ತಿತ್ತು: ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಈ ವಿಳಾಸ ತಡೆಯಲಾಗಿದೆ ಎಂದು. 2017ರಲ್ಲಿ ಮೇಷ್ಟ್ರು ಅದನ್ನೇ ನೋಡಿದ್ದರು. ಈಗ ಮಧ್ಯದಲ್ಲಿ ಪುಟ ತುರುಕುವುದು ಕಷ್ಟ, ಹಾಗಾಗಿ ಎರರ್ ಮಾತ್ರ ಉಳಿದಿದೆ.

ಒಂದು ಕಂಪನಿಯಲ್ಲಿ ತಡೆ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದೂ ಸಹಜ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಇದನ್ನು ಅಳೆದು ನೋಡಿದ್ದಾರೆ. ಬೇರೆ ಬೇರೆ ಕಂಪನಿಗಳ ತಡೆಪಟ್ಟಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆದ್ದರಿಂದ "ಪಕ್ಕದ ಮನೆಯಲ್ಲಿ ಬರುತ್ತೆ, ಹಂಗಾದ್ರೆ ಬ್ಯಾನ್ ಅಲ್ಲ" ಎಂಬ ವಾದ ನಿಲ್ಲುವುದಿಲ್ಲ.

ಚೀಟಿ ಅಂಟಿಸದ ಬೀಗ

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡುತ್ತೇನೆ.

ಸೈಟ್ ತಡೆಯಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಿಂದ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಇಂಥ ಕೆಲವು ಕಾರಣಗಳಿಗೆ ಮಾತ್ರ. 2009ರಲ್ಲಿ ಇದಕ್ಕೆ ನಿಯಮ ಬಂದವು. ಅದರ 16ನೇ ನಿಯಮದ ಪ್ರಕಾರ ದೂರು, ಕ್ರಮ ಎಲ್ಲವನ್ನೂ ಗುಟ್ಟಾಗಿ ಇಡಬೇಕು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಕಲಮನ್ನು ಹೊಡೆದುಹಾಕಿತು. ಫೇಸ್‌ಬುಕ್ಕಿನಲ್ಲಿ ಏನೋ ಬರೆದರೆ ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದದ್ದು ಅದರಡಿಯಲ್ಲೇ. ಆದರೆ ಅದೇ ತೀರ್ಪಿನಲ್ಲಿ 69ಎ ಉಳಿಯಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಟ್ವಿಟರ್ ಕಂಪನಿ ಇಂಥ ಆದೇಶಗಳನ್ನು ಪ್ರಶ್ನಿಸಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಮೇಲೆ 50 ಲಕ್ಷ ರೂಪಾಯಿ ದಂಡ.

ಗುಟ್ಟಿನಿಂದ ಏನಾಗುತ್ತದೆ ಎನ್ನುವುದಕ್ಕೆ ವಿಎಲ್‌ಸಿ ಒಳ್ಳೆಯ ಉದಾಹರಣೆ. ವಿಡಿಯೋ ನೋಡುವ ಪುಕ್ಕಟೆ ಪ್ಲೇಯರ್, ನನ್ನ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ ಇದೆ. 2022ರಲ್ಲಿ ಅದರ ಸೈಟ್ ಭಾರತದಲ್ಲಿ ತೆರೆಯುವುದು ನಿಂತಿತು. ಆ ಪ್ಲೇಯರ್ ತಯಾರಿಸಿದವರಿಗೂ ಕಾರಣ ಹೇಳಿರಲಿಲ್ಲ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಜೊತೆ ಸೇರಿ ಅವರು ಲೀಗಲ್ ನೋಟಿಸ್ ಕೊಟ್ಟ ಮೇಲೆ ನವೆಂಬರ್‌ನಲ್ಲಿ ತಡೆ ತೆಗೆದರು. ಆ ತಿಂಗಳುಗಳಲ್ಲಿ ಆ್ಯಪ್ ಏನೂ ನಿಂತಿರಲಿಲ್ಲ, ಸೈಟಿಗೆ ಮಾತ್ರ ತಡೆ. ನನ್ನ ಹತ್ತಿರ ಬಂದ ಒಬ್ಬ ಕಾಲೇಜು ಹುಡುಗ ಸೈಟ್ ಬರಲಿಲ್ಲ ಎಂದು ಯಾವುದೋ ಬೇರೆ ಕಡೆಯಿಂದ "ವಿಎಲ್‌ಸಿ" ಇಳಿಸಿಕೊಂಡಿದ್ದ. ಪ್ಲೇಯರ್ ಬಂದಿತ್ತು, ಜೊತೆಗೆ ಬ್ರೌಸರ್ ತೆರೆದರೆ ಜೂಜಿನ ಪುಟವೂ ಬರುತ್ತಿತ್ತು. ಅದನ್ನು ಕಿತ್ತು ಹಾಕಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಎಲ್ಲ ತಡೆಯೂ ತಪ್ಪು ಎಂದು ನಾನು ಹೇಳುವುದಿಲ್ಲ. ಮಕ್ಕಳನ್ನು ಹಿಂಸಿಸುವ ವಿಡಿಯೋ ಇಡುವ ಸೈಟ್, ಸಾಲ ಕೊಟ್ಟು ಫೋನಿನ ಫೋಟೋ ಕದ್ದು ಬೆದರಿಸುವ ಆ್ಯಪ್, ಇವಕ್ಕೆ ಬೀಗ ಬೀಳಲೇಬೇಕು. ಮೇಷ್ಟ್ರ ವಾದ ಬೇರೆ. "ಮಂಡಿಪೇಟೆಯಲ್ಲಿ ಅಂಗಡಿಗೆ ಬೀಗ ಜಡಿದ್ರೆ ಪಾಲಿಕೆಯೋರು ಬಾಗಿಲ ಮೇಲೆ ಚೀಟಿ ಅಂಟಿಸ್ತಾರೆ. ಯಾರು ಹಾಕಿದ್ದು, ಯಾಕೆ, ಎಲ್ಲಿ ಹೋಗಿ ಕೇಳಬೇಕು, ಎಲ್ಲಾ ಇರುತ್ತೆ. ಇಲ್ಲಿ ಬೀಗ ಹಾಕಿ, ಬಾಗಿಲು ಊದಿಕೊಂಡಿದೆ ಅಂತ ನಾಟಕ ಮಾಡ್ತಾರಲ್ಲಪ್ಪ" ಅನ್ನುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ. ಚೀಟಿ ಇದ್ದಿದ್ದರೆ ಆ ಹುಡುಗ ಕಾರಣ ಓದಿ ಕಾಯುತ್ತಿದ್ದ, ಅಥವಾ ಜಗಳ ಮಾಡುತ್ತಿದ್ದ. ಸಿಕ್ಕಿದ ಸೈಟಿನಿಂದ ಇಳಿಸಿಕೊಳ್ಳುತ್ತಿರಲಿಲ್ಲ.

ನಿಮಗೆ ಗೇಟ್ ಎಂದು ಗಟ್ಟಿಯಾದರೆ ಮಾಡಬಹುದಾದದ್ದು: ಸ್ಕ್ರೀನ್‌ಶಾಟ್, ತಾರೀಖು, ಯಾವ ಕಂಪನಿ, ಯಾವ ಊರು, ಇಷ್ಟನ್ನು ಬರೆದಿಟ್ಟು ಕಂಪನಿಗೆ ಲಿಖಿತ ದೂರು ಕೊಡಿ. ಆರ್‌ಟಿಐ ಹಾಕಬಹುದು, ಆದರೆ ಆ 16ನೇ ನಿಯಮ ತೋರಿಸಿ ವಾಪಸ್ ಕಳಿಸುವ ಸಂಭವ ಜಾಸ್ತಿ.

ಗೇಟ್ ಹಾರುವ ಆಸೆ

ಅಂಗಡಿಯಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ಹಂತದಲ್ಲಿ.

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ಹೋದವು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ದುಡ್ಡು ಕಟ್ಟಿ ಆಡುವ ಆಟಗಳು ನಿಂತವು. ಆಮೇಲೆ ಒಬ್ಬ ಹುಡುಗ ಬಂದ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಫೋನಿನ ಗಾಜಿನ ಮೇಲೆ ಬಿಳಿ ಪುಡಿ. ರಮ್ಮಿ ಆ್ಯಪ್ ತೆರೆಯುತ್ತಿಲ್ಲ, ಅದರಲ್ಲಿ ತನ್ನ ದುಡ್ಡು ಇದೆ ಅಂದ. ವಾಟ್ಸಾಪಿನಲ್ಲಿ ಯಾರೋ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಕೊಳ್ಳುವ ಫೈಲ್) ಕಳಿಸಿದ್ದರು, "ಹೊಸ ವರ್ಷನ್, ಬ್ಯಾನ್ ಆಗಲ್ಲ" ಎಂದು. ಇನ್‌ಸ್ಟಾಲ್ ಮಾಡಿಯಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಏನೇನು ಅನುಮತಿ ಕೊಟ್ಟಿದ್ದಾನೆ ಎಂದು ತೆರೆದು ನೋಡಿದೆ. ಎಸ್‌ಎಂಎಸ್ ಓದುವುದು, ಕಳಿಸುವುದು, ಕಾಂಟ್ಯಾಕ್ಟ್ಸ್, ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವುದು. ಇಸ್ಪೀಟ್ ಆಡಲು ಎಸ್‌ಎಂಎಸ್ ಯಾಕೆ ಬೇಕು? ಒಟಿಪಿ ಓದಲು.

ತಕ್ಷಣ ಮಾಡಿದ್ದು: ಡಾಟಾ ಆಫ್, ವೈಫೈ ಆಫ್. ನನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಕಾರ್ಡ್ ಎರಡನ್ನೂ ನಿಲ್ಲಿಸಿದ್ದು. ಆಮೇಲೆ ಆ ಆ್ಯಪ್ ತೆಗೆದದ್ದು. ಅವನ ದುಡ್ಡು ಉಳಿಯಿತು. ಹೋಗಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಎಷ್ಟು ಬೇಗ ಮಾಡಿದರೆ ಅಷ್ಟು ದುಡ್ಡು ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ಆಮೇಲೆ ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್, ಅಥವಾ ನಮ್ಮಲ್ಲಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆ.

ಹಾಗೆಯೇ ಸೈಟ್ ತೆರೆಯದಿದ್ದರೆ ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಹುಡುಕಬೇಡಿ. ಮೇಲೆ ಸಿಗುವ ನಂಬರ್ ಕಳ್ಳರದ್ದೇ ಇರಬಹುದು. ಅವರು ನಯವಾಗಿ ಮಾತಾಡಿ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುತ್ತಾರೆ. ನಂಬರ್ ಬೇಕಾದರೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ನೋಡಿ.

ಇನ್ನು ವಿಪಿಎನ್. ಪುಕ್ಕಟೆ ವಿಪಿಎನ್ ಅಂದರೆ ನೆಟ್ ಕಂಪನಿ ನೋಡಬಾರದು ಎಂದು ನಿಮ್ಮ ಎಲ್ಲ ಓಡಾಟವನ್ನೂ ಗುರುತಿಲ್ಲದ ಇನ್ನೊಬ್ಬನಿಗೆ ತೋರಿಸುವುದು. ಅವನ ಊಟ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಒಳ್ಳೆಯವೂ ಇವೆ. 2022ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ, ಗ್ರಾಹಕರ ವಿವರ 5 ವರ್ಷ ಇಡಬೇಕು ಎಂದು ಆದೇಶ ಮಾಡಿದಾಗ ಅಂಥ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ನಾನು ಅಂಗಡಿಯಲ್ಲಿ ಯಾರಿಗೂ ಈಗ ವಿಪಿಎನ್ ಹಾಕಿಕೊಡುವುದಿಲ್ಲ. ಮೇಷ್ಟ್ರ ಫೋನಿಗೆ ಹಾಕಿದ್ದೇ ಸಾಕು.

ಇಡೀ ಊರಿಗೇ ನೆಟ್ ಇಲ್ಲದಿದ್ದರೆ

ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಕರೆ ಹೋಗುತ್ತದೆ, ಎಸ್‌ಎಂಎಸ್ ಹೋಗುತ್ತದೆ, ಡಾಟಾ ಮಾತ್ರ ಯಾವ ಕಂಪನಿಯಲ್ಲೂ ಇಲ್ಲ. ಹೀಗಿದ್ದರೆ ಸರ್ಕಾರವೇ ಇಂಟರ್ನೆಟ್ ನಿಲ್ಲಿಸಿರಬಹುದು. ಕೆಲವು ರಾಜ್ಯಗಳಲ್ಲಿ ನೇಮಕಾತಿ ಪರೀಕ್ಷೆಯ ದಿನವೂ ಹೀಗೆ ಮಾಡಿದ್ದಾರೆ, ಕಾಪಿ ಹೊಡೆಯುತ್ತಾರೆಂದು. ಇಲ್ಲಿ ಮಾತ್ರ ಚೀಟಿ ಇರಲೇಬೇಕು. ಅನುರಾಧಾ ಭಾಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಇಂಥ ಆದೇಶವನ್ನು ಪ್ರಕಟಿಸಬೇಕು, ಕೊನೆಯಿಲ್ಲದೆ ನಿಲ್ಲಿಸುವ ಹಾಗಿಲ್ಲ ಎಂದಿದೆ. ನಿಯಮದ ಪ್ರಕಾರ ಒಂದು ಆದೇಶದ ಆಯಸ್ಸು ಹೆಚ್ಚೆಂದರೆ 15 ದಿನ. ಆದೇಶ ಸಿಗದಿದ್ದರೆ ಎಲ್ಲೋ ಜೆಸಿಬಿ ಕೇಬಲ್ ಕಿತ್ತಿದೆ ಎಂದುಕೊಳ್ಳಿ. ರಸ್ತೆ ಅಗೆಯುವುದು ನಿಲ್ಲದ ಊರು ನಮ್ಮದು, ಆ ಸಂಭವವೇ ಜಾಸ್ತಿ.

ಮೇಷ್ಟ್ರು ಮತ್ತೆ ಬಂದಾಗ

ಮೊನ್ನೆ ದುಗ್ಗಮ್ಮನ ಜಾತ್ರೆ ಮುಗಿದ ವಾರ ಮೇಷ್ಟ್ರು ಬಂದರು. "ಈಗ ಖಂಡಿತ ಬ್ಯಾನ್" ಅಂದರು. ಕಳೆದ ಸಲದ ನಾಚಿಕೆ ನನಗಿತ್ತು. ಎರಡು ಫೋನ್, ಎರಡು ನೆಟ್ ಮಾಡಿದೆ. ಅವರ ಫೋನು ಅವರದೇ ಡಾಟಾದಲ್ಲಿ ಆರ್ಕೈವನ್ನು ಆರಾಮಾಗಿ ತೆರೆಯಿತು. ನನ್ನದರಲ್ಲೂ ಬಂತು. "ಮನೇಲಿ ಬರಲ್ಲಪ್ಪ" ಅಂದರು. ಹಾಗಾದರೆ ಮನೆಯ ವೈಫೈ.

ಸಂಜೆ ವಿದ್ಯಾನಗರಕ್ಕೆ ಹೋದೆ. ಮನೆಯ ವೈಫೈನಲ್ಲಿ ಯೂಟ್ಯೂಬ್ ಓಡುತ್ತಿತ್ತು, ಪೇಪರ್‌ಗಳ ಸೈಟ್ ಓಡುತ್ತಿತ್ತು, ಆರ್ಕೈವ್ ಮಾತ್ರ ಒತ್ತಿದ ಕೂಡಲೇ ಎರರ್. ಶಿಸ್ತಾದ ಎರರ್. ಗೇಟ್ ಎಂದೇ ಅನ್ನಿಸಿತು. ಅದೇ ಬೀದಿಯಲ್ಲಿ ಅದೇ ಕಂಪನಿಯ ಫೈಬರ್ ಇರುವ ಎದುರು ಮನೆಯ ಅಕ್ಕನ ಹತ್ತಿರ ಹೋಗಿ ಅವರ ವೈಫೈ ಕೇಳಿದೆ. ಅಲ್ಲಿ ತೆರೆಯಿತು. ಅಂದರೆ ಗೇಟ್ ಇರುವುದು ಮೇಷ್ಟ್ರ ಮನೆಯೊಳಗೇ.

ರೌಟರ್ ತಿರುಗಿಸಿ ಹಿಂದಿನ ಚೀಟಿ ಓದಿ ಅದರ ಸೆಟ್ಟಿಂಗ್ಸ್ ಪುಟಕ್ಕೆ ಹೋದೆ. ಯೂಸರ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಯಾರು ಬೇಕಾದರೂ ಹೊಕ್ಕಬಹುದಿತ್ತು. ಒಳಗೆ ಪೇರೆಂಟಲ್ ಕಂಟ್ರೋಲ್ ಎಂಬಲ್ಲಿ ಐದು ಸೈಟುಗಳ ಪಟ್ಟಿ ಇತ್ತು. ನಾಲ್ಕನೆಯದು ಆರ್ಕೈವ್. ಹೈಸ್ಕೂಲು ಓದುವ ಮೊಮ್ಮಗ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ.

"ಅಜ್ಜ ದೊಡ್ಡ ದೊಡ್ಡ ಫೈಲ್ ಇಳಿಸ್ತಾರೆ ಅಂಕಲ್. ನಂಗೆ ಗೇಮ್ ಲ್ಯಾಗ್ ಆಗುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಬ್ಯಾನ್ ಅಂತ ನಾನು ಹೇಳಿದ್ದು ತಪ್ಪೇನಪ್ಪ ಹಂಗಾದ್ರೆ?" ಅಂದರು.

ಪಟ್ಟಿ ಅಳಿಸಿದೆ. ರೌಟರಿಗೆ ಹೊಸ ಪಾಸ್‌ವರ್ಡ್ ಹಾಕಿ, ಒಂದು ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಅದನ್ನು ಮೊಮ್ಮಗನ ಕಣ್ಣೆದುರೇ ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡರು.